ಬ್ರೇಕಿನ ಗಾಳಿ ತೆಗೆದ ದಿನ

ಲಕ್ವಾ ಹೊಡೆದು ಆಸ್ಪತ್ರೆ ಸೇರಿದ ಅಪ್ಪ ಅಲ್ಲಿಂದ ಹೊರಗೆ ಬಂದಾಗ ಅವನ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಹಂಗ’. ಚಹಾ ಬೇಕಾದರೂ ಹಂಗ, ಫ್ಯಾನು ಬಂದ್ ಮಾಡಬೇಕಾದರೂ ಹಂಗ. ಸಿಟ್ಟು ಬಂದಾಗ ಅದೇ ಮಾತು ಜೋರಾಗುತ್ತಿತ್ತು, ದುಃಖವಾದಾಗ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಾವು ಹೇಳಿದ್ದೆಲ್ಲ ಅವನಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ತಾನು ಹೇಳಬೇಕಾದದ್ದೂ ತಲೆಯಲ್ಲಿ ಸರಿಯಾಗಿಯೇ ಇರುತ್ತಿತ್ತು. ತಲೆಯಿಂದ ನಾಲಿಗೆಗೆ ಬರುವ ದಾರಿ ಮಾತ್ರ ಕಡಿದುಹೋಗಿತ್ತು. ಬಲಗೈ ಸೋತಿತ್ತು. ಬಲಗಾಲು ಎಳೆಯುತ್ತಿದ್ದರೂ ಕೋಲು ಹಿಡಿದು ಅಂಗಳ ದಾಟುವಷ್ಟು ನಡೆಯುತ್ತಿದ್ದ.

ಅಪ್ಪ ಹಿರೇಕೆರೂರಿನಲ್ಲಿ ಗ್ಯಾರೇಜು ನಡೆಸಿದವನು. ಅವ್ವ ನಾನು ಕಾಲೇಜಿನಲ್ಲಿ ಓದುವಾಗಲೇ ತೀರಿಕೊಂಡಿದ್ದಳು. ನಾನು ಒಬ್ಬಳೇ ಮಗಳು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನನ್ನು ಹಾನಗಲ್ಲಿನ ನನ್ನ ಗಂಡನ ಮನೆಗೆ ಕರೆತರುವುದು ಬಿಟ್ಟು ಬೇರೆ ದಾರಿ ನನಗೆ ಕಾಣಲಿಲ್ಲ. ಆದರೆ ಹೆಣ್ಣು ಕೊಟ್ಟ ತಂದೆ ಮಗಳ ಮನೆಯಲ್ಲಿ ಬಂದು ಇರುವುದು ನಮ್ಮ ಕಡೆ ಈಗಲೂ ಸಲೀಸಾದ ಸಂಗತಿಯಲ್ಲ. ಬೀಗರೆಂದರೆ ಹಬ್ಬಕ್ಕೆ ಬಂದು, ಹೋಳಿಗೆ ಉಂಡು, ಸಂಜೆಯ ಬಸ್ಸಿಗೆ ಹೊರಡಬೇಕಾದವರು. ಅತ್ತೆಯ ಎದುರು ಇದನ್ನು ಹೇಗೆ ಎತ್ತುವುದೆಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಮಾತು ಜೋಡಿಸುತ್ತಿದ್ದಾಗ ಅತ್ತೆಯೇ ಫೋನು ಮಾಡಿದಳು.

“ನಿಮ್ಮಪ್ಪಗ ಕಟ್ಟಿ ಕಡೆ ಖೋಲಿ ಆದೀತೇನು? ಅಲ್ಲಿ ಗಾಳಿ ಚಲೋ ಬರ್ತೈತಿ. ಬಚ್ಚಲನೂ ಹತ್ತರ.”

“ಅತ್ತ್ಯಾರ, ಮಂದಿ ಏನರ ಅಂದಾರು...”

“ಮಂದಿಗೆ ಒಂದ ಕಪ್ ಚಾ ಕುಡಿಸಿ ಕಳಸೂಣು. ನೀ ಕರಕೊಂಡ ಬಾ.”

ಹೀಗೆ ಅಪ್ಪ ನಮ್ಮ ಮನೆಗೆ ಬಂದ. ನನ್ನ ಗಂಡ ಸವಣೂರಿನಲ್ಲಿ ಕೆಲಸ ಮಾಡುತ್ತಾನೆ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಊರಿನದೇ ಶಾಲೆಯೊಂದರಲ್ಲಿ ಟೀಚರ್. ಹಗಲಿಡೀ ಮನೆಯಲ್ಲಿ ಇರುತ್ತಿದ್ದವರು ಅತ್ತೆ ಮತ್ತು ಅಪ್ಪ ಇಬ್ಬರೇ. ಅತ್ತೆ ಹೊಲ, ಎಮ್ಮೆ, ಕಾಳುಕಡಿ ಎಂದು ಬೆಳೆದ ಹೆಣ್ಣು, ಮಾತಿನ ಮಲ್ಲಿ. ಅವಳು ಸೊಪ್ಪು ಸೋಸುತ್ತ ಊರ ಸುದ್ದಿಯೆಲ್ಲ ಹೇಳುವಳು. ಅಪ್ಪ ನಡುನಡುವೆ ‘ಹಂಗ’ ಎನ್ನುವನು. ಹೊರಗಿನಿಂದ ಕೇಳಿದವರಿಗೆ ಇಬ್ಬರೂ ಹರಟುತ್ತಿದ್ದಾರೆ ಎನಿಸಬೇಕು. ಆದರೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗ ಅಪ್ಪ ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆಯುತ್ತಿದ್ದ. ಕೊರಳ ನರ ಉಬ್ಬುತ್ತಿತ್ತು. ಮಾತು ಬರುತ್ತಿರಲಿಲ್ಲ. ಕೊನೆಗೆ ತಲೆ ಕೊಡವಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದ. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು. ಗ್ಯಾರೇಜಿನಲ್ಲಿ ಲಾರಿಯ ಎಂಜಿನ್ನಿನ ಸದ್ದನ್ನೂ ಮೀರಿ ಕೇಳುತ್ತಿದ್ದ ಗಂಟಲು ಅದು.

ವಾರಕ್ಕೊಮ್ಮೆ ಅವನನ್ನು ಹುಬ್ಬಳ್ಳಿಗೆ, ಮಾತು ಕಲಿಸುವ ಮೇಡಂ ಒಬ್ಬರ ಬಳಿ ಕರೆದುಕೊಂಡು ಹೋಗುತ್ತಿದ್ದೆ. ಹೋಗುತ್ತಿದ್ದದ್ದು ನಮ್ಮ ಹಳೆಯ ಚಿಕ್ಕ ಕಾರಿನಲ್ಲಿ. ಅದನ್ನು ಯಾರದೋ ಮನೆಯ ಹಿತ್ತಲಿನಿಂದ ಎಳೆದು ತಂದು, ಎಂಜಿನ್ ಬಿಚ್ಚಿ ಜೋಡಿಸಿ ನನಗೆ ಕೊಟ್ಟವನು, ಓಡಿಸಲು ಕಲಿಸಿದವನು ಅಪ್ಪನೇ. ಮೇಡಂ ಚಿತ್ರ ತೋರಿಸಿ ‘ಇದೇನು?’ ಎಂದು ಕೇಳುತ್ತಿದ್ದರು. ಹಸು, ಕೊಡ, ಛತ್ರಿ. ಅಪ್ಪ ಛತ್ರಿಯನ್ನು ನೋಡುತ್ತಿದ್ದ, ಬೆವರುತ್ತಿದ್ದ, ‘ಹಂಗ’ ಎನ್ನುತ್ತಿದ್ದ. ಆಮೇಲೆ ನಾಚಿಕೆಯಿಂದ ನನ್ನ ಕಡೆ ನೋಡುತ್ತಿದ್ದ. ಅವರು ತಾಳ್ಮೆಯವರು. “ಗಡಿಬಿಡಿ ಇಲ್ಲ ಯಜಮಾನ್ರ” ಎಂದು ಮುಂದಿನ ಚಿತ್ರ ತೆಗೆಯುತ್ತಿದ್ದರು.

ದಸರಾ ರಜೆಯ ಒಂದು ದಿನ ಬೆಳಿಗ್ಗೆ ಹೀಗೆಯೇ ತಡಸದ ದಾರಿಯಾಗಿ ಹುಬ್ಬಳ್ಳಿಗೆ ಹೊರಟೆವು. ಮನೆಯಿಂದ ಹೊರಟಾಗಿನಿಂದ ಅಪ್ಪ ಸುಮ್ಮನಿರಲಿಲ್ಲ. ಎಡಗಾಲಿನಿಂದ ತನ್ನ ಮುಂದಿನ ನೆಲವನ್ನು ಒತ್ತುವುದು, ನನ್ನ ಕಾಲ ಕಡೆ ನೋಡುವುದು, ಮತ್ತೆ ಒತ್ತುವುದು. ಹಿಂದಿನ ವಾರವೂ ಹಾಗೆಯೇ ಮಾಡಿದ್ದ. ಕಾಲು ಜುಮುಗುಡುತ್ತಿರಬೇಕು ಅಂದುಕೊಂಡಿದ್ದೆ.

ಗೋವಿನಜೋಳ ಮನೆಗೆ ಬರುವ ಕಾಲ. ಊರು ದಾಟಿದ ಮೇಲೆ ಡಾಂಬರಿನ ಅರ್ಧಭಾಗದ ಮೇಲೆ ಉದ್ದಕ್ಕೂ ಕಾಳು ಹರವಿದ್ದರು. ಹೆಂಗಸೊಬ್ಬಳು ಬರಿಗಾಲಿನಿಂದ ಸಾಲು ಎಳೆಯುತ್ತ ಕಾಳನ್ನು ತಿರುವಿ ಹಾಕುತ್ತಿದ್ದಳು. ಎದುರಿನಿಂದ ಟ್ರ್ಯಾಕ್ಟರ್ ಬಂತು. ಉಳಿದ ಅರ್ಧ ರಸ್ತೆಯಲ್ಲಿ ಇಬ್ಬರೂ ಹಾಯುವಂತಿರಲಿಲ್ಲ. ಬ್ರೇಕ್ ಒತ್ತಿದೆ. ಪೆಡಲು ಎಂದಿನಂತೆ ಅರ್ಧದಲ್ಲಿ ಗಟ್ಟಿಯಾಗಿ ಕಾಲಿಗೆ ಎದುರು ಕೊಡಲಿಲ್ಲ. ಹತ್ತಿಯ ಮೂಟೆಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ಒಳಗೆ ಹೋಯಿತು. ಕಾರು ಹೋಗುತ್ತಲೇ ಇತ್ತು. ಬಿಟ್ಟು ಒತ್ತಿದೆ, ಮತ್ತೆ ಬಿಟ್ಟು ಒತ್ತಿದೆ. ಆಗ ಪೆಡಲು ಸ್ವಲ್ಪ ಮೇಲೆ ಸಿಕ್ಕಿತು. ಹ್ಯಾಂಡ್‌ಬ್ರೇಕನ್ನೂ ಎಳೆದೆ. ಕಾರು ಕಾಳಿನ ಅಂಚಿಗೆ ಬಂದು ನಿಂತಿತು.

“ಕಾಳಿನ ಮ್ಯಾಲೆ ಹಾಯಿಸಬ್ಯಾಡ್ರೀ ಅಕ್ಕಾರ!” ಎಂದು ಆ ಹೆಂಗಸು ಕೂಗಿದಳು.

ಅಪ್ಪ ಡ್ಯಾಶ್‌ಬೋರ್ಡನ್ನು ಎಡಗೈಯಿಂದ ಬಡಿಯುತ್ತಿದ್ದ. “ಹಂಗ! ಹಂಗ!” ಆಮೇಲೆ ಅದೇ ಕೈಯನ್ನು ಮಡಿಸಿ, ಚಾಚಿ, ಮಡಿಸಿ, ಚಾಚಿ ಪೆಡಲು ಒತ್ತುವ ಹಾಗೆ ತೋರಿಸಿದ. ಆಗ ನನಗೆ ಗೊತ್ತಾಯಿತು. ಪಕ್ಕದ ಸೀಟಿನಲ್ಲಿ ಕೂತೇ, ಕಾರು ನಿಲ್ಲಲು ಎಂದಿಗಿಂತ ಹೆಚ್ಚು ದೂರ ತೆಗೆದುಕೊಳ್ಳುತ್ತಿದೆ ಎಂಬುದು ಅವನ ಮೈಗೆ ತಿಳಿದಿತ್ತು. ಹೇಳಲು ಮಾತಿರಲಿಲ್ಲ, ಅಷ್ಟೇ.

“ತಿಳೀತು ಬಿಡಪ್ಪಾ. ವಾಪಸ್ ಹೋಗೂಣು,” ಎಂದೆ.

ಅವನು ಬೆನ್ನನ್ನು ಸೀಟಿಗೆ ಒರಗಿಸಿ ಉಸಿರು ಬಿಟ್ಟ. ಒಂದನೇ ಗೇರಿನಲ್ಲಿ, ನನ್ನ ಎಡಗೈ ಹ್ಯಾಂಡ್‌ಬ್ರೇಕಿನ ಮೇಲಿಟ್ಟುಕೊಂಡು, ನಡೆಯುವವರ ವೇಗದಲ್ಲಿ ಮನೆಗೆ ಮರಳಿದೆವು. ಮೇಡಂಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದೆ. ನಮ್ಮ ಊರಿನ ಮೆಕ್ಯಾನಿಕ್‌ಗೆ ಫೋನು ಮಾಡಿದರೆ ಅವನು ಹತ್ತಿಮತ್ತೂರಿನಲ್ಲಿ ನೆಂಟರ ಮನೆಯ ಕಾರ್ಯದಲ್ಲಿದ್ದ. “ಎಳ್ಡ ದಿನ ಬಿಟ್ಟು ಬರ್ತೇನ್ರೀ ಟೀಚರ. ಅಲ್ಲೀತನಕ ಗಾಡಿ ತಗೀಬ್ಯಾಡ್ರಿ,” ಎಂದ.

ಫೋನಿಟ್ಟು ತಿರುಗಿದರೆ ಅಪ್ಪ ಒಳಗೆ ಹೋಗಿರಲಿಲ್ಲ. ಕೋಲೂರಿಕೊಂಡು ಕಾರಿನ ಮುಂದೆ ನಿಂತು ಬಾನೆಟ್ಟಿನ ಮೇಲೆ ಕೈಯಿಟ್ಟಿದ್ದ. ನನ್ನನ್ನು ನೋಡಿ ಬೆರಳಿನಿಂದ ತಟ್ಟಿದ. ತೆಗೆ ಎಂದು.

ನಾನು ಬೆಳೆದದ್ದು ಹಿರೇಕೆರೂರಿನ ಆ ಗ್ಯಾರೇಜಿನಲ್ಲಿಯೇ. ಶಾಲೆ ಬಿಟ್ಟ ಕೂಡಲೇ ಚೀಲ ಬಿಸಾಡಿ ಅಲ್ಲಿಗೆ ಓಡುತ್ತಿದ್ದೆ. ಬ್ರೇಕಿನ ಕೊಳವೆಗಳಿಗೆ ಗಾಳಿ ಸೇರಿದರೆ ಅದನ್ನು ಹೊರಗೆ ಹಾಕಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ಚಿಕ್ಕದೊಂದು ನಿಪ್ಪಲನ್ನು ಸಡಿಲಿಸಿ ಗಾಳಿ ಬಿಡಬೇಕು. ಒಳಗೆ ಕೂರುವ ಕೆಲಸ ನನ್ನದಾಗಿತ್ತು. ಕಾಲು ಎಟುಕದೆ ಸೀಟಿನ ತುದಿಗೆ ಜಾರಿ, ಸ್ಟೇರಿಂಗು ಹಿಡಿದು ಜೋತು ಬೀಳುತ್ತಿದ್ದೆ. ಅಪ್ಪ ಕೆಳಗಿನಿಂದ “ಒತ್ತು” ಎನ್ನುವನು. ಪೂರಾ ಒತ್ತಿ ಕಾಲು ಬಿಗಿಹಿಡಿದು ನಾನು “ಹಿಡದೇನಿ” ಎನ್ನಬೇಕು. ಅವನು ನಿಪ್ಪಲು ಬಿಚ್ಚಿ, ಮತ್ತೆ ಬಿಗಿದು, “ಬಿಡು” ಎನ್ನುವನು. “ಬಿಟ್ಟೆ” ಎಂದು ಹೇಳಿ ಕಾಲೆತ್ತಬೇಕು. ಅವನು ಬಿಡು ಅನ್ನುವ ಮೊದಲೇ ಕಾಲೆತ್ತಿದರೆ ಹೊರಗಿನ ಗಾಳಿಯೆಲ್ಲ ಮತ್ತೆ ಒಳಗೆ. ಹಾಗಾಗಿ ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೂ ಮಾತು ತಪ್ಪುವಂತಿರಲಿಲ್ಲ.

ಬಾನೆಟ್ ಎತ್ತಿದೆ. ಬ್ರೇಕ್ ಆಯಿಲ್ ತುಂಬುವ ಬಿಳಿ ಡಬ್ಬಿಯಲ್ಲಿ ಎಣ್ಣೆ ಕೆಳಗಿನ ಗೆರೆಗಿಂತ ಕೆಳಗಿತ್ತು. ಅಪ್ಪ ಅದನ್ನು ತೋರಿಸಿ ನೆಲದ ಕಡೆ ಬೆರಳು ಮಾಡಿದ. ಎಣ್ಣೆ ಕಡಿಮೆಯಾಗಿದ್ದರೆ ಅದು ಹೊರಗೆಲ್ಲೋ ಹೋಗಿರಬೇಕು. ಒಳಗೊಳಗೇ ಕೆಟ್ಟಿದ್ದರೆ ಡಬ್ಬಿ ತುಂಬಿಯೇ ಇರುತ್ತಿತ್ತು. ನಾನು ಕೂತು ಪೆಡಲನ್ನು ಒತ್ತಿ ಹಿಡಿದೆ. ಅದು ಕಾಲ ಕೆಳಗೆ ನಿಧಾನವಾಗಿ ಇಳಿಯುತ್ತ ಹೋಯಿತು. ಸೋರಿಕೆ ಖಾತ್ರಿಯಾಯಿತು. ಇಳಿದು ಒಂದೊಂದೇ ಚಕ್ರದ ಒಳಮೈ ತಡವಿ ನೋಡುತ್ತ ಬಂದೆ. ಮುಂದಿನ ಎರಡೂ ಒಣಗಿದ್ದವು. ಹಿಂದಿನ ಎಡಚಕ್ರದ ಒಳಗೆ ಕೈಹಾಕಿದರೆ ಬೆರಳು ಜಾರಿತು. ಧೂಳು ಕೂತು ಕರಿಯ ಕೆಸರಿನಂತಾಗಿತ್ತು. ಬೆರಳನ್ನು ಅಪ್ಪನ ಮುಂದೆ ಹಿಡಿದೆ. ಅವನು ತನ್ನ ಎಡಗೈಯಲ್ಲಿ ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದುಕೊಂಡ. ಮೂಸಿ, ತಲೆಯಾಡಿಸಿದ. ಬ್ರೇಕ್ ಆಯಿಲ್ಲೇ. ನನ್ನ ಕೈ ಬಿಡುವ ಮುನ್ನ ತನ್ನ ಧೋತರದ ಅಂಚಿನಿಂದ ಆ ಬೆರಳನ್ನು ಒರೆಸಿದ. ಚಿಕ್ಕವಳಿದ್ದಾಗಲೂ ಹಾಗೆಯೇ ಒರೆಸುತ್ತಿದ್ದ, ಅವ್ವನ ಕಣ್ಣಿಗೆ ಬೀಳಬಾರದೆಂದು.

ಅತ್ತೆ ಹೊರಗೆ ಬಂದಳು. “ಏನಾತವಾ? ಹೋಗಲಿಲ್ಲೇನು?”

“ಬ್ರೇಕ್ ಸೋರಾಕತ್ತೈತ್ರಿ ಅತ್ತ್ಯಾರ. ನಾವ ರಿಪೇರಿ ಮಾಡ್ತೇವಿ.”

ಅವಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. “ನೀವಿಬ್ಬರೂ?” ಎಂದಳು. ಅಪ್ಪ ಬೆನ್ನು ನೆಟ್ಟಗೆ ಮಾಡಿ “ಹಂಗ” ಎಂದ. ಅಷ್ಟು ದಿನಗಳಲ್ಲಿ ಆ ಮಾತನ್ನು ಅವನು ಅಷ್ಟು ಠೀವಿಯಿಂದ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆ ನಕ್ಕಳು. “ಆತು ಬಿಡ್ರಿ ಬೀಗರ. ಅಂಗಳದಾಗ ಎಣ್ಣಿ ಚೆಲ್ಲಬ್ಯಾಡ್ರಿ, ಅಷ್ಟ.”

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕ್ ಏರಿಸಿ, ಕೆಳಗೆ ಹಳೆಯ ತೊಲೆಯ ತುಂಡೊಂದನ್ನು ಇಟ್ಟು ಚಕ್ರ ಬಿಚ್ಚಿದೆ. ಅಪ್ಪ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ನಟ್ಟು ಬಿಚ್ಚುವ ಅವನ ಹಳೆಯ ಪಾನಾಗಳ ಪೆಟ್ಟಿಗೆ ನಮ್ಮ ಮನೆಗೆ ಅವನ ಬಟ್ಟೆಗಳ ಜೊತೆಗೇ ಬಂದಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೈ ಚಾಚಿದಾಗಲೆಲ್ಲ ಬೇಕಾದ ಪಾನಾ ಕೊಡುತ್ತಿದ್ದ. ಚಕ್ರದ ಹಿಂದಿನ ಬ್ರೇಕ್ ಡ್ರಮ್ಮು ತುಕ್ಕು ಹಿಡಿದು ಬರಲೊಲ್ಲದಾಯಿತು. ನಾನು ಸುತ್ತಿಗೆಯಿಂದ ಒಂದೇ ಕಡೆ ಬಡಿಯುತ್ತಿದ್ದೆ. ಅಪ್ಪ ಕೋಲಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದ. ಹಾಗೆಯೇ ಸುತ್ತಲೂ ಮೆಲ್ಲಗೆ ಬಡಿಯುತ್ತ ಬಂದೆ. ಕಳಚಿಕೊಂಡಿತು.

ಒಳಗಿದ್ದ ವ್ಹೀಲ್ ಸಿಲಿಂಡರು ಹೆಬ್ಬೆರಳಿಗಿಂತ ತುಸು ದೊಡ್ಡದು. ಪೆಡಲು ಒತ್ತಿದಾಗ ಎಣ್ಣೆಯ ಒತ್ತಡದಿಂದ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ತಳ್ಳುವುದು ಅದೇ. ಅದರ ಬಾಯಿಗಿದ್ದ ರಬ್ಬರನ್ನು ಉಗುರಿನಿಂದ ಎತ್ತಿದೆ. ಒಳಗಿನಿಂದ ಎಣ್ಣೆ ತೊಟಕ್ಕನೆ ಬಿತ್ತು. ಶೂಗಳೂ ನೆನೆದು ಕೆಟ್ಟಿದ್ದವು. ಅಪ್ಪ ಬಗ್ಗಿ ನೋಡಿ, ನಾಲಿಗೆಯಿಂದ ‘ಚ್ಚ್’ ಎಂದು ಸದ್ದು ಮಾಡಿದ. ರೋಗ ಸಿಕ್ಕಾಗ ಅವನು ಮಾಡುತ್ತಿದ್ದ ಸದ್ದು.

ಸ್ಕೂಟರ್ ಹತ್ತಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿ ಹೊಸ ಸಿಲಿಂಡರು, ಹಿಂದಿನ ಎರಡೂ ಚಕ್ರಗಳಿಗೆ ಹೊಸ ಶೂ, ಬ್ರೇಕ್ ಆಯಿಲ್ ತಂದೆ. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಬರುವ ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಸಲಾಯಿನ್ ಹಚ್ಚುವ ನಳಿಕೆಯನ್ನೂ ಕೊಂಡೆ. ಒಳಗಿನ ಗುಳ್ಳೆ ಕಾಣಬೇಕೆಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಅದನ್ನು ನೋಡಿ ಅಪ್ಪ ತನ್ನ ಮುಂಗೈಯನ್ನು ತೋರಿಸಿದ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ್ದ ಜಾಗ. ಆಮೇಲೆ ಕಾರನ್ನು ತೋರಿಸಿದ. ಅವನ ಬಾಯಿ ಒಂದು ಕಡೆಗೆ ಸೊಟ್ಟವಾಗಿ ಅಗಲವಾಯಿತು. ಅವನು ನಗುತ್ತಿದ್ದ.

“ಹೌದಪ್ಪಾ, ಈಗ ಅದಕ್ಕ ಹಚ್ಚೋ ಪಾಳಿ,” ಎಂದೆ. ಇಬ್ಬರೂ ನಕ್ಕೆವು.

ಸಿಲಿಂಡರು ಕೂರಿಸಿ, ಎರಡೂ ಕಡೆ ಶೂ ಬದಲಿಸಿ, ಡ್ರಮ್ಮು ಮುಚ್ಚುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಅತ್ತೆ ಎರಡು ಸಲ ಬಂದು ರೊಟ್ಟಿ ಆರುತ್ತಿವೆ ಎಂದು ಹೇಳಿ ಹೋಗಿದ್ದಳು. ಇನ್ನು ಉಳಿದದ್ದು ಗಾಳಿ ತೆಗೆಯುವುದು. ಕೊಳವೆ ಬಿಚ್ಚಿದ್ದರಿಂದ ಒಳಗೆ ಗಾಳಿ ತುಂಬಿತ್ತು. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಗಾಳಿ ಇರುವವರೆಗೆ ಪೆಡಲು ಮೆತ್ತಗೇ ಇರುತ್ತದೆ.

ಪೆಡಲಿಗೆ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಅಪ್ಪ ಆಗಲೇ ಎದ್ದು ಡ್ರೈವರ್ ಬಾಗಿಲಿನ ಕಡೆ ಹೆಜ್ಜೆ ಹಾಕುತ್ತಿದ್ದ. ನಾನು ಸೀಟನ್ನು ಹಿಂದೆ ತಳ್ಳಿ, ಅವನನ್ನು ಕೂರಿಸಿ, ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟೆ. ಲಕ್ವಾ ಹೊಡೆದ ಮೇಲೆ ಅವನು ಸ್ಟೇರಿಂಗಿನ ಮುಂದೆ ಕೂತದ್ದು ಅದೇ ಮೊದಲು. ಎಡಗೈಯಿಂದ ಅದರ ಮೈ ಸವರಿದ. ಬಲಗಾಲಿಗೆ ಕಸುವು ಸಾಲದೆಂದು ಎಡಗಾಲನ್ನು ಬ್ರೇಕಿನ ಮೇಲಿಟ್ಟ.

ಡಬ್ಬಿಯಲ್ಲಿ ಎಣ್ಣೆ ಖಾಲಿಯಾಗದಂತೆ ನೋಡಿಕೊಳ್ಳಲು ಮೂರನೆಯವರು ಬೇಕಿತ್ತು. ಅತ್ತೆಯನ್ನು ಕರೆದೆ.

“ಈ ಗೆರಿಗಿಂತ ಕೆಳಗ ಇಳ್ಯಾಕ ಬಿಡಬ್ಯಾಡ್ರಿ. ಇಳಿದಂಗ ಹಾಕ್ಕೋತ ಇರ್ರಿ. ಹೊರಗ ಚೆಲ್ಲಿದ್ರ ಬಣ್ಣ ತಿಂತೈತಿ.”

“ಹಾಲು ಉಕ್ಕೂದು ಕಾಯೋದಕ್ಕ ಇದು ಉಲ್ಟಾ ಆತು,” ಎಂದು ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಟಲಿ ಹಿಡಿದು ನಿಂತಳು.

ಒಂದು ತೊಡಕಿತ್ತು. ಅಪ್ಪ ಪೆಡಲು ಪೂರಾ ಒತ್ತಿ ಹಿಡಿದ ಎಂಬುದು ಹಿಂದೆ ಚಕ್ರದ ಬಳಿ ಮಲಗಿದ ನನಗೆ ಹೇಗೆ ಗೊತ್ತಾಗಬೇಕು? ಅವನಿಗೆ ಹೇಳಿದೆ: “ಅಪ್ಪಾ, ಹಿಡದ ಮ್ಯಾಲೆ ಒಂದ ಹಾರ್ನ್ ಹೊಡಿ. ಬಿಟ್ಟ ಮ್ಯಾಲೆ ಎಳ್ಡ.” ಅವನು ಹೂಂಗುಟ್ಟುವಂತೆ ಕಣ್ಣು ಮುಚ್ಚಿ ತೆರೆದ.

ನಾನು ಎಡಚಕ್ರದ ಹಿಂದೆ ಚೀಲ ಹಾಸಿ ಮಲಗಿದೆ. ನಿಪ್ಪಲಿಗೆ ನಳಿಕೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಸ್ವಲ್ಪ ಎಣ್ಣೆ ಹಾಕಿದ ಬಾಟಲಿಯಲ್ಲಿ ಮುಳುಗಿಸಿದೆ.

“ಒತ್ತು!”

ಪೋಂ ಎಂದಿತು. ಅತ್ತೆ ಬೆಚ್ಚಿ “ಅಯ್ಯ ನಮ್ಮವ್ವಾ!” ಎಂದಳು. ನಿಪ್ಪಲು ಸಡಿಲಿಸಿದೆ. ನಳಿಕೆಯಲ್ಲಿ ಗುಳ್ಳೆಗಳು ಬುಳುಬುಳು ಬಂದವು. ಬಿಗಿದೆ.

“ಬಿಡು!”

ಪೋಂ ಪೋಂ. ಎದುರು ಮನೆಯವರು ಯಾರು ಬಂದರೆಂದು ಹೊರಗೆ ಬಂದು ನೋಡಿ, ನನ್ನ ಕಾಲುಗಳನ್ನಷ್ಟೇ ಕಂಡು, ಅತ್ತೆಯನ್ನು ವಿಚಾರಿಸಿಕೊಂಡು ಒಳಗೆ ಹೋದರು. ಹೀಗೆ ಕೆಲಹೊತ್ತು ನಡೆಯಿತು. ಒತ್ತು, ಪೋಂ. ಬಿಡು, ಪೋಂ ಪೋಂ. ಕೆಲಸ ಲಯಕ್ಕೆ ಬಿತ್ತು. ಕೈಗೆ ಪಾನಾ ಹೊಂದಿಕೊಂಡಿತು, ಕಣ್ಣು ನಳಿಕೆಯ ಮೇಲೆ ನೆಟ್ಟಿತ್ತು. ನಾನು ಬೇರೇನನ್ನೂ ಯೋಚಿಸುತ್ತಿರಲಿಲ್ಲ. ಅಪ್ಪನೂ ಯೋಚಿಸುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

“ಒತ್ತು!”

“ಹಿಡದೇನಿ.”

ನನ್ನ ಕೈ ನಿಪ್ಪಲು ಬಿಚ್ಚಿತು. ಗುಳ್ಳೆ ಬಂತು. ಕೈಯೇ ಮತ್ತೆ ಬಿಗಿಯಿತು. ಅದೆಲ್ಲ ಆದ ಮೇಲೆಯೇ ನನಗೆ ಹಾರ್ನು ಕೇಳಿಲ್ಲವೆಂಬುದು ಹೊಳೆದದ್ದು. ಕೇಳಿದ್ದು ಅಪ್ಪನ ದನಿ. ಸ್ವಲ್ಪ ಒರಟು, ಕೊನೆಯ ಅಕ್ಷರ ತುಸು ತೊದಲು. ಆದರೆ ಪೂರ್ತಿ ಮಾತು. ಕಾರಿನ ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಮುಂದೆ ನಿಂತ ಅತ್ತೆಯ ಪಾದಗಳು ಮಾತ್ರ. ಅವು ಕದಲದೆ ನಿಂತಿದ್ದವು.

ಏಳಬೇಕು, ಓಡಿಹೋಗಿ ಅವನ ಮುಖ ನೋಡಬೇಕು ಎನಿಸಿತು. ಏಳಲಿಲ್ಲ. ಎದ್ದರೆ ಬಂದದ್ದು ಹೆದರಿ ಓಡಿಹೋಗುತ್ತದೇನೋ ಎಂಬ ಅಂಜಿಕೆ. ಅವನ ಕಾಲೂ ಇನ್ನೂ ಪೆಡಲಿನ ಮೇಲಿತ್ತು, ನನ್ನ ಮಾತಿಗಾಗಿ ಕಾಯುತ್ತಿತ್ತು.

“ಬಿಡು,” ಎಂದೆ.

“ಬಿಟ್ಟೆ.”

“ಒತ್ತು.”

“ಹಿಡದೇನಿ.”

ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ತುಂಬ ಎಣ್ಣೆ. ನಳಿಕೆಯಲ್ಲಿ ಗುಳ್ಳೆ ನಿಂತು ತಿಳಿ ಎಣ್ಣೆ ಬರತೊಡಗಿ ಎಷ್ಟೋ ಹೊತ್ತಾಗಿತ್ತು. ಆದರೂ ನಾನು ಒತ್ತು, ಬಿಡು ಎನ್ನುತ್ತಲೇ ಇದ್ದೆ. ಕೊನೆಗೆ ಅತ್ತೆ, ಮೂಗು ಕಟ್ಟಿದ ದನಿಯಲ್ಲಿ ಹೇಳಿದಳು: “ಯವ್ವಾ, ಬಾಟ್ಲಿ ಖಾಲಿ ಆಗಾಕ ಬಂತು. ಬ್ಯಾರೆ ಗಾಲಿಗೂ ಇರಲಿ.”

ಆಗ ಎಚ್ಚರಾಯಿತು. ಉಳಿದ ಮೂರು ಚಕ್ರಗಳಿಗೂ ಹೀಗೆಯೇ ಮಾಡಿದೆವು. ಮಾತು ಒಂದು ಸಲವೂ ತಪ್ಪಲಿಲ್ಲ. ಬಲಮುಂದಿನ ಚಕ್ರ ಮುಗಿಸಿ ಏಳುವಾಗ ಬಾಗಿಲು ತೆರೆದೇ ಇತ್ತು. ಅಪ್ಪನ ಮುಖ ಹತ್ತಿರದಿಂದ ಕಂಡಿತು. ಹಣೆ ಬೆವರಿತ್ತು. ತಾನು ಮಾತಾಡಿದ್ದು ಅವನಿಗೂ ಆ ಹೊತ್ತಿಗೆ ತಿಳಿದಿತ್ತು. ನನ್ನನ್ನು ನೋಡಿದ. ಇನ್ನೇನೋ ಹೇಳಹೋದ. “ಹಂಗ” ಎಂದಷ್ಟೇ ಬಂತು.

ನಾನು ಅವನ ಮೊಣಕಾಲಿನ ಮೇಲೆ ತಲೆಯಿಟ್ಟೆ. ಅವನು ಎಡಗೈಯಿಂದ ನನ್ನ ಕೂದಲಲ್ಲಿ ಸಿಕ್ಕಿದ್ದ ಮಣ್ಣು ತೆಗೆಯತೊಡಗಿದ. ಅತ್ತೆ ಬಾಟಲಿಯನ್ನು ನೆಲಕ್ಕಿಟ್ಟು, “ಬೀಗರ, ಪೆಡಲು ಗಟ್ಟಿ ಆತೇನ್ರಿ?” ಎಂದು ಕೇಳಿದಳು. ಅಪ್ಪ ಒತ್ತಿ ನೋಡಿದ. ಅರ್ಧದಲ್ಲಿ ಕಲ್ಲಿನಂತೆ ನಿಂತಿತು. ತಲೆಯಾಡಿಸಿದ.

ಡಬ್ಬಿಗೆ ಮೇಲಿನ ಗೆರೆಯವರೆಗೆ ಎಣ್ಣೆ ತುಂಬಿ, ಚಕ್ರಗಳನ್ನು ಬಿಗಿದು, ಓಣಿಯಲ್ಲಿ ನಿಧಾನವಾಗಿ ಓಡಿಸಿ, ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಎಳೆಯದೆ ನೇರವಾಗಿ ನಿಂತಿತು. ಕೈ ತೊಳೆದು ಮೂವರೂ ಒಟ್ಟಿಗೆ ಊಟಕ್ಕೆ ಕೂತೆವು. ಆರಿದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ಅಪ್ಪನಿಗೆ ನೀರು ಬೇಕಿತ್ತು. ತಂಬಿಗೆ ನೋಡಿದ, ಬಾಯಿ ತೆರೆದ, ಬಹಳ ಕಷ್ಟಪಟ್ಟ. “ಹಂಗ” ಎಂದ. ನಾನು ತಲೆ ತಗ್ಗಿಸಿದೆ. ಆಗ ಬಂದ ಮಾತು ಅಲ್ಲಿಗೇ ಮುಗಿಯಿತೇ ಎಂದುಕೊಂಡೆ. ಅತ್ತೆ ತಂಬಿಗೆಯನ್ನು ಅವನ ಮುಂದೆ ಚಾಚಿದಳು, ಆದರೆ ಕೈಬಿಡಲಿಲ್ಲ.

“ಹಿಡೀರಿ ಬೀಗರ,” ಎಂದಳು.

ಅಪ್ಪ ತಂಬಿಗೆಗೆ ಕೈ ಹಾಕಿದ. “ಹಿಡದೇನಿ,” ಎಂದ.

“ಬಿಡ್ತೇನಿ ನೋಡ್ರಿ,” ಎಂದು ಅತ್ತೆ ಕೈ ಬಿಟ್ಟಳು.

ಮುಂದಿನ ವಾರ ಹುಬ್ಬಳ್ಳಿಯಲ್ಲಿ ಇದನ್ನೆಲ್ಲ ಹೇಳಿದಾಗ ಮೇಡಂ ಚಿತ್ರಗಳ ಕಟ್ಟನ್ನು ಮುಚ್ಚಿಟ್ಟು ಕೇಳಿಸಿಕೊಂಡರು. ದಿನಾ ಆಡಿ ಆಡಿ ಸವೆದ ಮಾತುಗಳು ಕೆಲವರಲ್ಲಿ ಹೀಗೆ ಉಳಿದಿರುತ್ತವಂತೆ. ಬೇಕೆಂದು ಹುಡುಕಿದರೆ ಸಿಗುವುದಿಲ್ಲ, ಕೈಕಾಲು ಹಳೆಯ ಕೆಲಸದಲ್ಲಿದ್ದಾಗ ತಾವಾಗಿ ಬರುತ್ತವಂತೆ. “ಛತ್ರಿ ಬಿಡೋಣ. ಮನೆಯಲ್ಲಿ ಕೆಲಸ ಕೊಡಿ, ಕೆಲಸದ ಜೊತೆ ಮಾತು ಕೊಡಿ. ಎಲ್ಲ ಮಾತೂ ಬರುತ್ತದೆ ಅಂತ ನಾನು ಹೇಳಲಾರೆ,” ಎಂದರು.

ನಾನು ಶಾಲೆಗೆ ಹೋದ ಮೇಲೆ ಆ ಕೆಲಸ ಕೊಟ್ಟವಳು ಅತ್ತೆ. ಬಾವಿಯ ಹಗ್ಗವನ್ನು ತಾನೂ ಹಿಡಿದು ಅಪ್ಪನ ಎಡಗೈಗೂ ಕೊಟ್ಟು “ಎಳೀರಿ” ಎನ್ನುವಳು. ಅವನು “ಎಳದೇನಿ” ಎನ್ನುವವರೆಗೆ ಕೊಡ ಎತ್ತಿಕೊಳ್ಳುವುದಿಲ್ಲ. ಮೊರದ ಒಂದು ಅಂಚನ್ನು ಅವನ ಕೈಗೆ ಕೊಡುವಳು. ಕಾಳು ಅಳೆಯುವಾಗ ಪಾವು ತುಂಬಿತೇ ಎಂದು ಕೇಳುವಳು. ಅವನು ತಡವರಿಸಿದರೆ ಕಾಯುವಳು. ಮಾತಿನ ಮಲ್ಲಿಯಾದ ನನ್ನ ಅತ್ತೆ ಅಷ್ಟು ಹೊತ್ತು ಬಾಯಿ ಮುಚ್ಚಿ ಕೂರಬಲ್ಲಳೆಂದು ನನ್ನ ಗಂಡನೂ ನಂಬಲಿಲ್ಲ. ಕೆಲವು ದಿನ ಒಂದೂ ಮಾತು ಬರುತ್ತಿರಲಿಲ್ಲ. ಅಂಥ ದಿನ ಅಪ್ಪ ಕೋಲು ಎಸೆದದ್ದೂ ಉಂಟು. ಕೆಲವು ದಿನ ಹೊಸದೊಂದು ಬರುತ್ತಿತ್ತು: ‘ಸಾಕು’, ‘ತುಂಬೇತಿ’, ‘ಬಿಗಿ’. ಒಮ್ಮೆ ನಾನು ಮನೆಗೆ ಬಂದಾಗ ಬಾಗಿಲಲ್ಲೇ “ಬಂದಿ?” ಎಂದ. ಅದನ್ನು ನಾನು ಗಂಡನಿಗೆ ಫೋನು ಮಾಡಿ ಹೇಳಿದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಅತ್ತೆಯ ಅಕ್ಕನ ಮನೆಗೆಂದು ನಾವೆಲ್ಲ ಸವಣೂರಿಗೆ ಹೋದೆವು. ಶಿಗ್ಗಾವಿಯಲ್ಲಿ ನಿಂತು ಚಹಾ ಕುಡಿದೆವು. ಸವಣೂರು ಮುಟ್ಟಿದ ಮೇಲೆ ಅತ್ತೆ ಎಲೆ ಕೊಳ್ಳದೆ ಮುಂದೆ ಹೋಗಲು ಒಪ್ಪಲಿಲ್ಲ. ಪೇಟೆಯ ಬದಿಯಲ್ಲಿ ಮುದುಕನೊಬ್ಬ ಹಸಿ ಬಟ್ಟೆಯ ಮೇಲೆ ವೀಳ್ಯದೆಲೆಯ ಕಟ್ಟುಗಳನ್ನು ಹರವಿಕೊಂಡು ಕೂತಿದ್ದ. ಕಾರನ್ನು ಅವನ ಪಕ್ಕಕ್ಕೇ ನಿಲ್ಲಿಸಿದೆ. ಅತ್ತೆ ಇಳಿಯುವ ಮುಂಚೆಯೇ ಅವನು ಒಂದು ಕಟ್ಟನ್ನು ಎತ್ತಿ, ಕಿಟಕಿಯ ಬಳಿ ಕೂತಿದ್ದ ಅಪ್ಪನ ಮುಂದೆ ಹಿಡಿದ. ಅಪ್ಪ ಮೇಲಿನ ಎಲೆಯನ್ನು ಎಡಗೈಯ ಹೆಬ್ಬೆರಳಿನಿಂದ ಒತ್ತಿ ನೋಡಿದ.

“ಬಲತಿದ್ದು ಬ್ಯಾಡ,” ಎಂದ.

ಹಿಂದಿನ ಸೀಟಿನಲ್ಲಿ ಅತ್ತೆ ಬಾಗಿಲಿಗೆ ಹಾಕಿದ್ದ ಕೈ ತೆಗೆದಳು. ಅವಳ ಪಕ್ಕದಲ್ಲಿದ್ದ ನನ್ನ ಗಂಡ ನನ್ನ ಹೆಗಲು ಹಿಡಿದ. ಯಾರೂ ಒತ್ತು ಎಂದಿರಲಿಲ್ಲ, ಹಿಡಿ ಎಂದಿರಲಿಲ್ಲ. ಅದು ಅವನದೇ ಮಾತು, ಅವನಿಗೆ ಬೇಕಾದದ್ದಕ್ಕೆ ಅವನೇ ಹುಡುಕಿಕೊಂಡದ್ದು.

ಎಲೆ ಮಾರುವವನಿಗೆ ಇದಾವುದೂ ಗೊತ್ತಿರಲಿಲ್ಲ. ಅವನ ಪಾಲಿಗೆ ಅಪ್ಪ ಎಲ್ಲರಂತೆ ಎಲೆ ಆರಿಸಿ ಕೊಳ್ಳುವ ಒಬ್ಬ ಗಿರಾಕಿ. “ನೀವ ಕೇಳಿದ ಮ್ಯಾಲೆ ಬಲತಿದ್ದು ಯಾಕ ಕೊಡ್ಲಿ ಯಜಮಾನ್ರ, ಎಳೀವ ತಗೋರಿ,” ಎಂದು ಆ ಕಟ್ಟನ್ನು ಹಿಂದಿಟ್ಟು, ಬುಟ್ಟಿಯ ಒಳಗಿನಿಂದ ನೀರು ತೊಟ್ಟಿಕ್ಕುವ ಬೇರೊಂದು ಕಟ್ಟನ್ನು ತೆಗೆದು ಅಪ್ಪನ ತೊಡೆಯ ಮೇಲಿಟ್ಟ.